ಅನ್ನದ ಋಣವೂ ಪುರಸಭೆಯ ದಂಡವೂ

ಅನ್ನವನ್ನು ಚೆಲ್ಲಬಾರದೆಂಬುದು ನಮ್ಮ ಮನೆಗಳಲ್ಲಿ ಅಕ್ಷರಾಭ್ಯಾಸಕ್ಕಿಂತ ಮೊದಲೇ ಮಕ್ಕಳಿಗೆ ತಿಳಿಸಿಕೊಡುವ ಮಾತು. ಅನ್ನವನ್ನು ನಿಂದಿಸದಿರುವುದನ್ನೂ, ಬಂದ ಅನ್ನವನ್ನು ತಿರಸ್ಕರಿಸದಿರುವುದನ್ನೂ ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ವ್ರತವೆಂದೇ ವಿಧಿಸಿದೆ. ಆದರೆ ಈ ಕಾಲದಲ್ಲಿ ಮನೆಯ ಎಂಜಲೂ ಮಿಕ್ಕ ಅನ್ನವೂ ಸರ್ಕಾರದ ಮತ್ತು ಪುರಸಭೆಗಳ ವಿಚಾರಕ್ಕೆ ಒಳಪಟ್ಟಿವೆ. ವ್ರತವಾಗಿದ್ದುದರ ಒಂದು ಅಂಶವು ನಿಯಮವಾಗಿ, ನಿಯಮವನ್ನು ಮೀರಿದವರಿಗೆ ದಂಡವೂ ಬಂದಿದೆ. ದಂಡಕ್ಕೆ ಹೆದರಿ ಅನ್ನವನ್ನು ಉಳಿಸಿದರೆ ಅದು ಧರ್ಮವೆನಿಸುವುದೆ? ದಂಡವನ್ನು ತೆತ್ತ ಮಾತ್ರಕ್ಕೆ ಚೆಲ್ಲಿದ ದೋಷವು ಕಳೆಯುವುದೆ? ಈ ಎರಡು ಪ್ರಶ್ನೆಗಳು ಆಸ್ತಿಕರಾದ ಗೃಹಸ್ಥರಿಗೆ ವಿಚಾರಣೀಯವಾಗಿವೆ.

ಮೊದಲು ಕಾಯಿದೆಗಳು ಏನನ್ನು ಹೇಳುತ್ತವೆಂಬುದನ್ನು ನೋಡೋಣ. ಅಮೆರಿಕದ ಸಿಯಾಟಲ್ ನಗರದಲ್ಲಿ 2015ರಿಂದ ಆಹಾರದ ಶೇಷವನ್ನು ಸಾಮಾನ್ಯ ಕಸದೊಡನೆ ಹಾಕುವುದು ನಿಷಿದ್ಧವಾಯಿತು. ಮೀರಿದ ಮನೆಯವರಿಗೆ ಒಂದು ಡಾಲರ್ ದಂಡವೆಂದು ಗೊತ್ತುಮಾಡಿದರು. ಕಸ ಒಯ್ಯುವವರು ಮನೆಮನೆಯ ಕಸವನ್ನು ಕೆದಕಿ ನೋಡುವುದು ನ್ಯಾಯವಲ್ಲವೆಂದು ಕೆಲವರು ನ್ಯಾಯಾಲಯದ ಮೊರೆಹೊಕ್ಕರು. ವಾರಂಟಿಲ್ಲದೆ ಹಾಗೆ ಶೋಧಿಸುವುದು ಸಂವಿಧಾನಕ್ಕೆ ಸಲ್ಲದೆಂದು 2016ರಲ್ಲಿ ತೀರ್ಪಾಯಿತು. ದಕ್ಷಿಣ ಕೊರಿಯಾದಲ್ಲಿ ಆಹಾರದ ಕಸವನ್ನು ನೆಲದಲ್ಲಿ ಹೂಳುವುದನ್ನು 2005ರಲ್ಲಿ ನಿಷೇಧಿಸಿ, 2013ರಿಂದ ಅದರ ಪ್ರಮಾಣಕ್ಕೆ ತಕ್ಕಂತೆ ಶುಲ್ಕ ಪಡೆಯುವ ಪದ್ಧತಿಯನ್ನು ತಂದರು. ನಮ್ಮ ದೇಶದಲ್ಲಿ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರತಿಯೊಂದು ಮನೆಯೂ ಹಸಿ ಕಸ, ಒಣ ಕಸ, ಅಪಾಯಕಾರಿ ಕಸಗಳನ್ನು ಬೇರೆಬೇರೆಯಾಗಿ ಕೊಡಬೇಕೆಂದು ವಿಧಿಸಿದವು. ತಪ್ಪಿದವರಿಗೆ ಸ್ಥಳದಲ್ಲಿಯೇ ದಂಡ ಹಾಕಲು ಉಪವಿಧಿಗಳನ್ನು ರಚಿಸಿಕೊಳ್ಳಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. ಪರವಾನಗಿ ಇಲ್ಲದ ಸ್ಥಳದಲ್ಲಿ 100ಕ್ಕೂ ಹೆಚ್ಚು ಜನರನ್ನು ಸೇರಿಸುವವರು ಕನಿಷ್ಠ 3 ಕೆಲಸದ ದಿನಗಳ ಮೊದಲು ತಿಳಿಸಬೇಕೆಂದೂ ಅವುಗಳಲ್ಲಿತ್ತು. ಮದುವೆ, ಮುಂಜಿವೆಗಳನ್ನು ಮಾಡುವ ನಮಗೆ ಇದು ದೂರದ ಮಾತಲ್ಲ.

ಈ ನಿಯಮಗಳ ಪ್ರಯೋಜನವನ್ನು ಅಲ್ಲಗಳೆಯಲಾಗದು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳನ್ನು ನಿತ್ಯವೂ ಕಾಣುವ ನಮ್ಮ ಸೀಮೆಯವರಿಗೆ ಇದನ್ನು ತಿಳಿಯುವುದು ಸುಲಭ. ಉರಿಯುವ ಒಣ ಕಸದಿಂದ ಇಂಧನವನ್ನು ಮಾಡಿ ಸಿಮೆಂಟಿನ ಗೂಡುಗಳಲ್ಲಿ ಉಪಯೋಗಿಸಬಹುದು. ಅದರಲ್ಲಿ ಹುಳಿಯನ್ನ ಬೆರೆತರೆ ಒದ್ದೆಯಾಗಿ ಕೆಡುವುದು. ಹಸಿ ಕಸವು ಹೊಲಕ್ಕೆ ಗೊಬ್ಬರವಾಗಬಹುದು. ಅದರಲ್ಲಿ ಗಾಜು, ಪ್ಲಾಸ್ಟಿಕ್ ಬೆರೆತರೆ ಹೊಲಕ್ಕೆ ಬಾರದು. ಎರಡೂ ಸೇರಿ ಕೊಳೆತರೆ, ಅದನ್ನು ಕೈಯಿಂದ ಬೇರ್ಪಡಿಸುವ ಕಷ್ಟವು ಪೌರಕಾರ್ಮಿಕರ ಪಾಲಿಗೆ ಬರುವುದು. ನಮ್ಮ ಎಂಜಲನ್ನು ಇನ್ನೊಬ್ಬರ ಕೈಯಿಂದ ಕೆದಕಿಸುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಆದರೂ ಇಲ್ಲೊಂದು ಸೂಕ್ಷ್ಮವಿದೆ. ಸಿಯಾಟಲಿನ ಕಾಯಿದೆಯಾಗಲಿ ನಮ್ಮ ನಿಯಮಗಳಾಗಲಿ ಅನ್ನವನ್ನು ವ್ಯರ್ಥಮಾಡಿದವನನ್ನು ದಂಡಿಸಲಿಲ್ಲ. ತಪ್ಪಾದ ಡಬ್ಬಿಯಲ್ಲಿ ಹಾಕಿದವನನ್ನು ದಂಡಿಸಿದವು. ಒಂದು ಪಾತ್ರೆ ತುಂಬ ಒಳ್ಳೆಯ ಅನ್ನವನ್ನು ಹಸಿ ಕಸದ ಡಬ್ಬಿಗೆ ಸುರಿದವನು ಈ ನಿಯಮದಂತೆ ನಿರ್ದೋಷಿ. ಕಾಯಿದೆಯ ಕಣ್ಣು ಡಬ್ಬಿಯನ್ನಷ್ಟೇ ಕಾಣಬಲ್ಲುದು. ಅಕ್ಕಿಯನ್ನು ಅಳೆಯುವ ಪಾವನ್ನೂ ಬಡಿಸುವ ಸೌಟನ್ನೂ ಅದು ಕಾಣಲಾರದು. ದೋಷವು ಹುಟ್ಟುವುದಾದರೋ ಅಲ್ಲಿಯೇ.

ದಂಡಕ್ಕೆ ಇನ್ನೊಂದು ನ್ಯೂನತೆಯೂ ಉಂಟು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ನಡೆದ ಪರೀಕ್ಷೆಯೊಂದು 2000ದಲ್ಲಿ ಪ್ರಕಟವಾಯಿತು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ದಂಡ ಹಾಕಿದಾಗ ತಡವಾಗಿ ಬರುವವರ ಸಂಖ್ಯೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೊದಲಿದ್ದ ಸಂಕೋಚವು ಹೋಗಿ, ದಂಡವೇ ತಡಮಾಡುವುದರ ಬೆಲೆಯಾಗಿಬಿಟ್ಟಿತು. ಅನ್ನದ ವಿಷಯದಲ್ಲಿಯೂ ಹಣವಿದ್ದವನು ದಂಡವನ್ನು ತೆತ್ತು ನಿಶ್ಚಿಂತನಾಗಬಹುದು. ನಮ್ಮ ಪ್ರಾಯಶ್ಚಿತ್ತಕ್ಕೂ ದಂಡಕ್ಕೂ ಇರುವ ಭೇದವು ಇದೇ. ಪ್ರಾಯಶ್ಚಿತ್ತಕ್ಕೆ ಅನುತಾಪವೂ ಮತ್ತೆ ಮಾಡೆನೆಂಬ ಸಂಕಲ್ಪವೂ ಅವಶ್ಯ. ದಂಡಕ್ಕೆ ರಸೀದಿಯೊಂದೇ ಸಾಕು.

“ನಾನು ದುಡಿದ ಹಣ, ನನ್ನ ಮನೆಯ ಅನ್ನ, ಉಂಡರೇನು, ಚೆಲ್ಲಿದರೇನು?” ಎಂದು ಕೇಳುವವರಿದ್ದಾರೆ. ಇದಕ್ಕೆ ಸಿದ್ಧಾಂತದಲ್ಲಿಯೇ ಉತ್ತರವಿದೆ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರಗಳೆಂದು ವಿಭಾಗಿಸಿ, ವಿಷ್ಣುವೊಬ್ಬನೇ ಸ್ವತಂತ್ರನೆಂದು ತೋರಿಸಿದರು; ಶ್ರೀ ಜಯತೀರ್ಥರು ಅದಕ್ಕೆ ಟೀಕೆಯನ್ನು ರಚಿಸಿದರು. ಹಾಗಿರುವಲ್ಲಿ ‘ನನ್ನದು’ ಎಂಬ ಮಾತಿಗೆ ‘ನನ್ನ ವಶಕ್ಕೆ ಒಪ್ಪಿಸಿದ್ದು’ ಎಂಬಷ್ಟೇ ಅರ್ಥ. ಒಡೆಯನ ವಸ್ತುವನ್ನು ಹಾಳುಮಾಡುವ ಹಕ್ಕು ಸೇವಕನಿಗೆ ಇರುವುದಿಲ್ಲ. ನೈವೇದ್ಯವಾದ ಅನ್ನವನ್ನಂತೂ ಆ ಒಡೆಯನ ಪ್ರಸಾದವೆಂದೇ ಸ್ವೀಕರಿಸುತ್ತೇವಲ್ಲವೆ?

ಇನ್ನು ನಮ್ಮ ಆಚಾರದ ಮೇಲೆಯೇ ಬರುವ ಆಕ್ಷೇಪವನ್ನು ಮರೆಮಾಚದೆ ನೋಡಬೇಕು. ತಂಗಳನ್ನವು ನೈವೇದ್ಯಕ್ಕೆ ಸಲ್ಲದು, ಎಂಜಲನ್ನು ಇನ್ನೊಬ್ಬರಿಗೆ ಕೊಡಲಾಗದು, ಮುಸುರೆಯಾದುದನ್ನು ಮಡಿಯಲ್ಲಿ ಇಡಲಾಗದು; ಆದ್ದರಿಂದ ಆಚಾರವಂತರ ಮನೆಯಲ್ಲಿಯೇ ಚೆಲ್ಲುವುದು ಹೆಚ್ಚು ಎಂದು ಕೆಲವರು ಹೇಳುತ್ತಾರೆ. ಛಾಂದೋಗ್ಯದಲ್ಲಿ ಬರುವ ಉಷಸ್ತಿ ಚಾಕ್ರಾಯಣನ ಕಥೆಯನ್ನು ಇಲ್ಲಿ ಸ್ಮರಿಸುವುದು ಯುಕ್ತ. ಕುರುದೇಶದ ಬೆಳೆ ನಾಶವಾದಾಗ ಆತನು ಹಸಿವಿನಿಂದ ಬಳಲಿ, ಒಬ್ಬನು ತಿನ್ನುತ್ತಿದ್ದ ಕುಲ್ಮಾಷ ಧಾನ್ಯವನ್ನು ಬೇಡಿ ಪಡೆದು ತಿಂದನು. ಅವನು ನೀರನ್ನೂ ಕೊಡಬಂದಾಗ ಅದು ಎಂಜಲೆಂದು ನಿರಾಕರಿಸಿದನು. ಧಾನ್ಯವೂ ಎಂಜಲಲ್ಲವೆ ಎಂದು ಕೇಳಿದ್ದಕ್ಕೆ, ಅದನ್ನು ತಿನ್ನದಿದ್ದರೆ ಜೀವವುಳಿಯುತ್ತಿರಲಿಲ್ಲ, ನೀರಾದರೋ ಬೇಕೆಂದಲ್ಲಿ ದೊರೆಯುವುದು ಎಂದನು. ಮಿಕ್ಕುದನ್ನು ಹೆಂಡತಿಗೆ ತಂದುಕೊಟ್ಟನು. ಆಕೆ ಅದನ್ನು ಚೆಲ್ಲದೆ ತೆಗೆದಿರಿಸಿದ್ದರಿಂದ ಮರುದಿನ ಬೆಳಿಗ್ಗೆ ಅದನ್ನೇ ತಿಂದು ರಾಜನ ಯಜ್ಞಕ್ಕೆ ಹೊರಟನು. ಆಪತ್ತಿನಲ್ಲಿ ಏನು ಸಲ್ಲುವುದು, ಆಪತ್ತಿಲ್ಲದಾಗ ಏನು ಸಲ್ಲದು ಎಂಬ ವಿವೇಕವು ಈ ಕಥೆಯಲ್ಲಿದೆ. ಎಂಜಲು ನಿಷಿದ್ಧವೆಂದ ಶಾಸ್ತ್ರವು ಎಂಜಲನ್ನು ಉಳಿಸೆಂದು ಹೇಳಲಿಲ್ಲ. ನಾಳೆಗೆ ಸಲ್ಲದೆಂದು ತಿಳಿದವನು ಇಂದಿಗೆ ಬೇಕಾದಷ್ಟನ್ನೇ ಅಳೆದು ಬೇಯಿಸಬೇಕು. ಮಡಿಯುಳ್ಳವನಿಗೆ ಮಿತವು ಹೆಚ್ಚಿನ ಕರ್ತವ್ಯ, ವ್ಯರ್ಥಕ್ಕೆ ಸಿಕ್ಕ ಅನುಮತಿಯಲ್ಲ.

ದೋಷವೆಲ್ಲ ಹೋಟೆಲುಗಳದು, ಅಂಗಡಿಗಳದು ಎಂದು ಹೇಳಿ ನಾವು ಪಾರಾಗುವಂತೆಯೂ ಇಲ್ಲ. 2022ರಲ್ಲಿ ಲೋಕದಲ್ಲಿ ವ್ಯರ್ಥವಾದ ಆಹಾರವು ಸುಮಾರು 105 ಕೋಟಿ ಟನ್ನುಗಳೆಂದೂ, ಅದರಲ್ಲಿ ಸುಮಾರು 63 ಕೋಟಿ ಟನ್ನು ಮನೆಗಳದೇ ಎಂದೂ ವಿಶ್ವಸಂಸ್ಥೆಯ 2024ರ ವರದಿಯು ಅಂದಾಜು ಮಾಡಿದೆ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋ ಎಂಬುದು ಅದೇ ವರದಿಯ ಲೆಕ್ಕ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಪ್ಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಬೆಳೆದ ತೊಗರಿಯು ನಮ್ಮ ತೊವ್ವೆಯಾಗುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. 1972ರ ಬರಗಾಲವನ್ನು ಕಂಡ ಹಿರಿಯರು ಈ ಸೀಮೆಯಲ್ಲಿ ಈಗಲೂ ಇದ್ದಾರೆ. ಅವರು ಎಲೆಯಲ್ಲಿ ಅಗುಳನ್ನು ಬಿಡದಿರುವುದು ಯಾವ ಪುರಸಭೆಯ ಭಯದಿಂದಲೂ ಅಲ್ಲ.

ಆದುದರಿಂದ ಆಚರಣೆಯಲ್ಲಿ ಮಾಡಬೇಕಾದುದು ಕಠಿಣವೇನಲ್ಲ. ಆಷಾಢ ಬಹುಳ ಪಂಚಮಿಯಂದು ಟೀಕಾಕೃತ್ಪಾದರ ಆರಾಧನೆಗೆ ಕಾಗಿಣಾ ತೀರದ ಮಳಖೇಡಕ್ಕೆ ಹೋಗುವ ಕುಟುಂಬಗಳು, ಮನೆಯಲ್ಲಿ ಸಮಾರಾಧನೆ ನಡೆಸುವವರು, ಎಲ್ಲರೂ ಇದನ್ನು ಪಾಲಿಸಬಹುದು. ಪಂಕ್ತಿಯಲ್ಲಿ ಮೊದಲು ಸ್ವಲ್ಪ ಬಡಿಸಿ, ಮತ್ತೆ ಮತ್ತೆ ವಿಚಾರಿಸಿ ಬಡಿಸಬೇಕು. ಅತಿಥಿಯು ‘ಸಾಕು’ ಎಂದರೆ ಅಲ್ಲಿಗೆ ಸೌಟನ್ನು ಹಿಂತೆಗೆಯುವುದೇ ನಿಜವಾದ ಆದರ. ಮಕ್ಕಳ ಎಲೆಗೆ ಮಕ್ಕಳ ಹಸಿವಿನಷ್ಟೇ ಬೀಳಲಿ. ಊಟಕ್ಕೆ ಬರುವವರು ಎಷ್ಟು ಜನರೆಂದು ಮೊದಲೇ ತಿಳಿಸಲಿ. ಬಡಿಸದೆ ಪಾತ್ರೆಯಲ್ಲಿ ಉಳಿದ ಅನ್ನವು ಎಂಜಲಲ್ಲ. ಅದು ಕೆಡುವ ಮೊದಲೇ ಹಸಿದವರ ಬಾಯಿಗೆ ತಲುಪಲಿ. ಇಷ್ಟೆಲ್ಲ ಆದ ಮೇಲೂ ಉಳಿಯುವ ಸಿಪ್ಪೆ, ಎಂಜಲೆಲೆಗಳು ಬೇರೆಯಾಗಿಯೇ ಹೋಗಿ ಮಣ್ಣಿಗೆ ಗೊಬ್ಬರವಾಗಲಿ.

ಮೊದಲಿನ ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ದಂಡವನ್ನು ತೆತ್ತರೆ ಪುರಸಭೆಯ ಬಾಕಿ ತೀರುವುದೇ ಹೊರತು ಅನ್ನದ ಋಣ ತೀರದು. ದಂಡಭಯದಿಂದ ಮಾಡಿದ ಒಳ್ಳೆಯ ಕೆಲಸವು ಪೂರ್ಣವಾದ ಧರ್ಮವಲ್ಲ. ಆದರೆ ಅದರಿಂದ ಪರರ ಕಷ್ಟ ತಗ್ಗುವುದರಿಂದ ಅದು ನಿಂದ್ಯವೂ ಅಲ್ಲ. ಬೇಲಿಯು ಬೆಳೆಯನ್ನು ಕಾಯಬಲ್ಲುದು, ಬೆಳೆಯಿಸಲಾರದು. ಒಳಗೆ ಬಿತ್ತುವ ಕೆಲಸ ಗೃಹಸ್ಥನದೇ. ಎಲ್ಲರ ಜಠರದಲ್ಲಿಯೂ ವೈಶ್ವಾನರನಾಗಿ ನಿಂತು ಅನ್ನವನ್ನು ಸ್ವೀಕರಿಸುವ ಭಗವಂತನಿಗೆ, ಆತನದೇ ಅನ್ನವನ್ನು ವ್ಯರ್ಥಮಾಡದೆ ಒಪ್ಪಿಸುವ ಬುದ್ಧಿಯನ್ನು ಆತನೇ ನಮಗೆ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥