ದುಡ್ಡು ಕೊಟ್ರು, ಕೇಳ್ಲಿಲ್ಲ

ಶುಕ್ರವಾರ ಸಂಜೆ ಬೆಂಗಳೂರು ಬಿಟ್ಟರೆ ರಾತ್ರಿ ಊಟದ ಹೊತ್ತಿಗೆ ಮಂಡ್ಯ ಹತ್ತಿರದ ನಮ್ಮೂರಲ್ಲಿರ್ತೀನಿ. ಮುಂಚೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಅಂತ ಒಂದೊಂದೇ ಊರು ದಾಟೋಷ್ಟರಲ್ಲಿ ಮನೆಯವರೆಲ್ಲ ಮಲಗಿರ್ತಿದ್ದರು. ಈಗ ಎಲ್ಲಕ್ಕೂ ಬೈಪಾಸ್. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನ ನನ್ನಷ್ಟು ಹೊಗಳಿದವರು ನಮ್ಮ ಆಫೀಸಲ್ಲಿ ಇನ್ನೊಬ್ಬರಿಲ್ಲ.

ಒಂದ್ಸಲ ಊರಲ್ಲೂ ಹೊಗಳಿದೆ. ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು, "ದುಡ್ಡು ಕೊಟ್ರು ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಎಲ್ಲಿ ಹೋಗ್ಬೇಕು ರಸ್ತೆ ಅಂತ ಒಬ್ರೂ ನಮ್ಮನ್ನ ಕೇಳ್ಲಿಲ್ಲ" ಅಂದರು. ಅವರ ಗದ್ದೆ ಈಗ ರಸ್ತೆಯ ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು. ಆ ಕಡೆ ನೀರು ಕಟ್ಟೋಕೆ ಅಂಡರ್‌ಪಾಸ್ ಸುತ್ತಿ ಹೋಗಬೇಕು.

ದುಡ್ಡು ಕೊಟ್ಟ ಮೇಲೆ ಇನ್ನು ಕೇಳೋದೇನಿದೆ? ಆ ಪ್ರಶ್ನೆ ನನ್ನ ಬಿಡಲಿಲ್ಲ.

ಕಾನೂನಿನಲ್ಲಿ ಕೇಳೋ ಏರ್ಪಾಡು ಇದೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಪ್ರಕಾರ, ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆ ಸಲ್ಲಿಸೋಕೆ 21 ದಿನ. ಆದರೆ ಅಷ್ಟರಲ್ಲಿ ಯಾರ ಜಮೀನು ಅನ್ನೋದು ಗುರುತಾಗಿರುತ್ತೆ, ಗೆರೆ ಎಳೆದಾಗಿರುತ್ತೆ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಅಂತು. ಹೆದ್ದಾರಿ ಕಾಯ್ದೆಯಡಿ ತಗೊಳ್ಳೋ ಜಮೀನಿಗೆ ಆ ಭಾಗ ಅನ್ವಯಿಸಲ್ಲ. 2015ರಿಂದ ಪರಿಹಾರ, ಪುನರ್ವಸತಿಯ ಲೆಕ್ಕ ಮಾತ್ರ ಅದರಂತೆ. ಚಿಕ್ಕಪ್ಪ ಅಂದಿದ್ದೂ ಅದನ್ನೇ.

ಇನ್ನು ಆಕ್ಷೇಪಣೆ ಹೇಳೋ ಹಕ್ಕು ಆ ಜಮೀನಿಗೆ ಸಂಬಂಧಪಟ್ಟವರಿಗೆ ಮಾತ್ರ. ಚನ್ನಪಟ್ಟಣದ ಹಳೇ ರಸ್ತೆಯ ಗೊಂಬೆ ಅಂಗಡಿಯವರು, ಮದ್ದೂರಲ್ಲಿ ವಡೆ ಮಾರೋರು ಬೈಪಾಸ್‌ಗೆ ಜಮೀನು ಕಳಕೊಂಡವರಲ್ಲ, ಗಿರಾಕಿ ಕಳಕೊಂಡವರು. ಅದಕ್ಕೆ ಯಾವ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ.

"ಎಲ್ಲರನ್ನೂ ಕೇಳ್ತಾ ಕೂತ್ರೆ ರಸ್ತೆ ಆದ ಹಾಗೇ" ಅಂತೀರಿ. ನಿಜ. ನಮ್ಮನ್ನ ಕೇಳಿದ್ದರೆ ನಾವೂ "ಪಕ್ಕದೂರಿನ ಮೇಲೆ ಹೋಗಲಿ ಬಿಡಿ" ಅಂತಲೇ ಅಂತಿದ್ವಿ. ಸಾವಿರಾರು ಜನಕ್ಕೆ ದಿನಾ ಒಂದು ಗಂಟೆ ಉಳಿಯೋದು ಸಣ್ಣ ವಿಷಯ ಅಲ್ಲ. ಹಾಗಾಗಿ ಕೇಳೋದು ಅಂದರೆ ಬೇಡ ಅನ್ನೋ ಅಧಿಕಾರವನ್ನ ಒಬ್ಬೊಬ್ಬರ ಕೈಗೂ ಕೊಡೋದಲ್ಲ. ಉತ್ತರದಿಂದ ಏನಾದರೂ ಬದಲಾಗೋ ಹೊತ್ತಲ್ಲಿ ಕೇಳೋದು, ಅಷ್ಟೇ.

ಅದರಿಂದ ರಸ್ತೆಗೂ ಲಾಭವೇ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಹತ್ತಿರ ಇದೇ ಹೆದ್ದಾರಿ ನೀರಲ್ಲಿ ಮುಳುಗಿತ್ತು. ಯಾವ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿ ನುಗ್ಗುತ್ತೆ ಅನ್ನೋದು ಆ ಊರಲ್ಲಿ ದನ ಮೇಯಿಸೋರಿಗೆ ಬಾಯಿಪಾಠ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರೋ ಹಾಗಿಲ್ಲ. ಅಪಘಾತ ತಡೆಯೋಕೆ ಅದು ಬೇಕಿತ್ತು, ಒಪ್ತೀನಿ. ಆದರೂ ಜಮೀನು ಕೊಟ್ಟ ಚಿಕ್ಕಪ್ಪನ ಟ್ರ್ಯಾಕ್ಟರ್ ಸರ್ವಿಸ್ ರಸ್ತೆಯಲ್ಲಿ, ಏನೂ ಕೊಡದ ನನ್ನ ಕಾರು ಮೇಲೆ.

ನಮ್ಮ ಕೆಲಸದಲ್ಲಿ ಒಂದು ಬಟನ್ ಎಲ್ಲಿರಬೇಕು ಅನ್ನೋಕೆ ಯೂಸರ್‌ಗಳನ್ನ ಕೂರಿಸಿಕೊಂಡು ಮೂರು ಮೀಟಿಂಗ್ ಮಾಡ್ತೀವಿ. ತಪ್ಪಾದರೆ ರೋಲ್‌ಬ್ಯಾಕ್ ಇದೆ. ಹೆದ್ದಾರಿಗೆ ರೋಲ್‌ಬ್ಯಾಕ್ ಇಲ್ಲ. ಅಲ್ಲೇ ಕೇಳೋದು ಕಮ್ಮಿ.

ದುಡ್ಡು ಜಮೀನಿಗೆ ಕೊಟ್ಟ ಬೆಲೆ. ಕೇಳೋದು ಮನುಷ್ಯನಿಗೆ ಕೊಡೋ ಬೆಲೆ. ಮೊದಲನೆಯದು ಎಷ್ಟೇ ಜಾಸ್ತಿಯಾದರೂ ಎರಡನೆಯದರ ಬಾಕಿ ತೀರಲ್ಲ.

ಹಾಗಂತ ನಾನೇನು ಹಳೇ ರಸ್ತೆಗೆ ವಾಪಸ್ ಹೋಗಲ್ಲ. ಮುಂದಿನ ಶುಕ್ರವಾರವೂ ಟೋಲ್ ಕಟ್ಟಿ ಇದರಲ್ಲೇ ಹೋಗ್ತೀನಿ. ಆದರೆ ಆಫೀಸಲ್ಲಿ ಯಾರಾದರೂ "ರೈತರಿಗೆ ಅಷ್ಟು ದುಡ್ಡು ಸಿಕ್ತಲ್ಲ, ಇನ್ನೇನು ಬೇಕಂತೆ?" ಅಂದಾಗ ಮುಂಚೆ ನಾನೂ ತಲೆಯಾಡಿಸ್ತಿದ್ದೆ. ಈಗ ಆಗ್ತಿಲ್ಲ.