ಗಣಾಚಾರವೂ ಬಂದೂಕವೂ



ಅಮೆರಿಕದಲ್ಲಿ ನೆಲಸಿರುವ ನಮ್ಮ ಭಕ್ತರಿಗೆ, ಇಷ್ಟಲಿಂಗವನ್ನು ಧರಿಸಿದವನು ಮನೆಯಲ್ಲಿ ಬಂದೂಕವನ್ನಿರಿಸಿಕೊಳ್ಳಬಹುದೇ ಎಂಬ ಸಂದೇಹವು ಏಳುವುದು ಸಹಜ. ಆ ನಾಡಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು ಶಸ್ತ್ರಧಾರಣೆಯನ್ನು ಪ್ರಜೆಗಳ ಹಕ್ಕೆಂದು ಸಾರಿತು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕವನ್ನಿರಿಸಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು 2008ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಈ ಹಕ್ಕು ಅಪರಿಮಿತವಲ್ಲವೆಂದೂ ಅದೇ ತೀರ್ಪು ಹೇಳಿತು. ಹಕ್ಕನ್ನು ಕೊಂಡಾಡುವವರು ಈ ಎರಡನೆಯ ಮಾತನ್ನೆತ್ತುವುದು ಅಪರೂಪ.

ಆಯುಧವನ್ನು ಕಂಡಮಾತ್ರಕ್ಕೆ ಬೆಚ್ಚುವ ಧರ್ಮ ನಮ್ಮದಲ್ಲ. ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದುಂಟು. ಕಲ್ಯಾಣದಲ್ಲಿ ವಿಪ್ಲವವಾದಾಗ ಉಳವಿಯತ್ತ ನಡೆದ ಶರಣರಿಗೆ ಬೆಂಗಾವಲಾಗಿ ಮಡಿವಾಳ ಮಾಚಿದೇವರು ಖಡ್ಗ ಹಿಡಿದು ನಿಂತರೆಂದು ಪರಂಪರೆಯು ಸ್ಮರಿಸುತ್ತದೆ. ಆ ಖಡ್ಗವು ಯಾರಿಗಾಗಿ ಮೇಲೆದ್ದಿತು? ಗಣಕ್ಕಾಗಿ. ಸ್ವಂತದ ಒಡವೆಗಾಗಿಯೂ ಅಲ್ಲ, ಹಮ್ಮಿಗಾಗಿಯೂ ಅಲ್ಲ. ಗಣಾಚಾರದ ಮಗ್ಗುಲಲ್ಲಿಯೇ ಭೃತ್ಯಾಚಾರವಿದೆ. ಎಲ್ಲರಿಗಿಂತಲೂ ತಾನು ಕಿರಿಯನೆಂಬ ಭಾವವೇ ಅದು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವನು ಎರಡನ್ನೂ ಕೆಡಿಸುತ್ತಾನೆ.

2012ರಲ್ಲಿ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಂದಿ ಎಳೆಯ ಮಕ್ಕಳೂ 6 ಮಂದಿ ಹಿರಿಯರೂ ಗುಂಡಿಗೆ ಬಲಿಯಾದರು. ಆ ಬಂದೂಕಗಳನ್ನು ಕೊಂದವನ ತಾಯಿಯೇ ಕಾನೂನಿನಂತೆ ಕೊಂಡು ಮನೆಯಲ್ಲಿರಿಸಿದ್ದಳು. ಶಾಲೆಗೆ ಹೋಗುವ ಮೊದಲು ಅವನು ಕೊಂದದ್ದು ಆಕೆಯನ್ನೇ. ಬಸವಣ್ಣನವರು ಕೋಪವನ್ನು ಮನೆಯೊಳಗಿನ ಬೆಂಕಿಗೆ ಹೋಲಿಸಿದುದು ತಮಗೆ ತಿಳಿದದ್ದೇ. ಕೋಪಕ್ಕೆ ಕೈಗೆಟಕುವಂತೆ ಬಂದೂಕವೂ ದೊರೆತರೆ, ಆ ಬೆಂಕಿಯು ತನ್ನ ಮನೆಯನ್ನು ಸುಟ್ಟು ನೆರೆಮನೆಗೂ ಹಬ್ಬುತ್ತದೆ. ಶೋಕಕ್ಕೆ ದೊರೆತರೂ ಹಾಗೆಯೇ: 2022ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತ ಸುಮಾರು 48,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡವರು. ಕಳ್ಳನ ಭಯದಿಂದ ಬಂದೂಕ ತರುವ ಗೃಹಸ್ಥನು ಈ ಲೆಕ್ಕವನ್ನು ಎಣಿಸುವುದೇ ಇಲ್ಲ.

ಆಸ್ಟ್ರೇಲಿಯದಲ್ಲಿ 1996ರಲ್ಲಿ ಪೋರ್ಟ್ ಆರ್ಥರ್ ಎಂಬಲ್ಲಿ 35 ಮಂದಿ ಹತರಾದ ಮೇಲೆ, ಸರ್ಕಾರವು ಆರು ಲಕ್ಷಕ್ಕೂ ಮಿಕ್ಕಿದ ಬಂದೂಕಗಳನ್ನು ಬೆಲೆ ಕೊಟ್ಟು ಹಿಂತೆಗೆದುಕೊಂಡಿತು. ಕೃಷಿಕನಿಗೆ ಕೋವಿಯೇ ಸಲ್ಲದೆನ್ನಲಿಲ್ಲ. ತಕ್ಕ ಕಾರಣ ತೋರಿಸು, ಪರವಾನಗಿ ಪಡೆ, ಬೀಗದೊಳಗಿಡು ಎಂದಿತು. ಭೃತ್ಯಾಚಾರವನ್ನರಿತವನಿಗೆ ಇದರಲ್ಲಿ ಅಪಮಾನವೇನೂ ತೋರದು.

ಆದುದರಿಂದ ಅಲ್ಲಿಯ ಭಕ್ತರಿಗೆ ಹೇಳುವುದಿಷ್ಟು. ಇಲ್ಲದೆ ನಡೆಯುವುದಾದರೆ ಬಂದೂಕವು ಬೇಡ. ಇಡಲೇಬೇಕಾಗಿದ್ದರೆ ಬಂದೂಕಕ್ಕೆ ಬೀಗವಿರಲಿ, ಗುಂಡುಗಳು ಬೇರೆಡೆಯಲ್ಲಿ ಬೀಗದೊಳಗಿರಲಿ, ಬೀಗದ ಕೈಗಳು ಮಕ್ಕಳಿಗೆ ಸಿಗದಿರಲಿ. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಮೌನವಾಗಿ ಕುಳಿತಿರುವುದು ಕಂಡಿತೋ, ಆ ದಿನವೇ ಅದನ್ನು ಮನೆಯಿಂದ ಹೊರಗೆ ಸುರಕ್ಷಿತವಾದ ವಶಕ್ಕೆ ಒಪ್ಪಿಸಿ, ಅವರ ಬಳಿ ಬಂದು ಕುಳಿತುಕೊಳ್ಳಿರಿ.