ವಿರಾಟನ ಬಾಗಿಲಲ್ಲಿ ಅರ್ಜುನ



ನಮ್ಮ ವಾರ್ತಾಪತ್ರದ ಕೊನೆಯ ಪುಟದಲ್ಲಿ ಸದಸ್ಯರ ಸಣ್ಣಪುಟ್ಟ ಉದ್ಯೋಗಗಳ ಪ್ರಕಟಣೆಗೆ ಒಂದಿಷ್ಟು ಜಾಗ ಇಟ್ಟಿರುವುದು ನಿಮಗೆಲ್ಲ ಗೊತ್ತು. ಸಂಪಾದಕರು ಅದಕ್ಕಾಗಿ ನನಗೊಂದು ಕೆಲಸ ಒಪ್ಪಿಸಿದರು. ಇಲ್ಲೇ ಹೈರಿಡ್ಜ್‌ನಲ್ಲಿ, ನನ್ನ ಕ್ಲಿನಿಕ್ಕಿಗೆ ಹತ್ತಿರದಲ್ಲೇ ಇರುವ ಧಾರವಾಡದ ಕಡೆಯ ತಾಯಿಯೊಬ್ಬರು ಮನೆಯಲ್ಲಿ ಹೋಳಿಗೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರಲು ತೊಡಗಿದ್ದಾರೆ. ಯಜಮಾನರ ಕೆಲಸದ ಕರಾರು ಮುಗಿದು ಆರು ತಿಂಗಳಾಯಿತು. ಮಕ್ಕಳ ಶಾಲೆಯ ಫೀಸು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಅವರಿಂದ ನಾಲ್ಕು ಸಾಲು ಬರೆಸಿಕೊಂಡು ಬನ್ನಿ ಎಂದು ನನಗೆ ಅಪ್ಪಣೆಯಾಯಿತು.

ಅವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: "ಏನೋ ನನಗೆ ಬಂದ ಹಾಗೆ ಮಾಡುತ್ತೇನೆ. ಇಷ್ಟವಿದ್ದವರು ಕೇಳಬಹುದು." ಫೋನ್ ನಂಬರ್ ಇಲ್ಲ, ಬೆಲೆ ಇಲ್ಲ, ಹೋಳಿಗೆ ಎಂಬ ಶಬ್ದವೇ ಇಲ್ಲ!

"ಇದೇನಮ್ಮಾ, ಓದಿದವರಿಗೆ ನೀವು ಹೊಲಿಗೆ ಹಾಕುತ್ತೀರೋ ಹೋಳಿಗೆ ಮಾಡುತ್ತೀರೋ ಹೇಗೆ ಗೊತ್ತಾಗಬೇಕು?" ಎಂದೆ.

"ನನ್ನ ಮಾಲು ನಾನೇ ಛಲೋ ಅದ ಅಂತ ಹ್ಯಾಂಗ ಹೇಳ್ಲಿ ಡಾಕ್ಟ್ರ? ನಾಚಿಕಿ ಬರ್ತದ. ನನಗಿಂತ ಛಲೋ ಮಾಡಾವ್ರು ಎಷ್ಟು ಮಂದಿ ಇಲ್ಲ? ಯಾರರ ತಿಂದು, ಇಷ್ಟಕ್ಕ ಇಷ್ಟು ಜಂಬ ಏನು ಅಂದ್ರ?" ಎಂದರು.

ನನಗೆ ನಗು ಬರಲಿಲ್ಲ. ಇದೇ ನಾಚಿಕೆಯಿಂದ ನಾನು ಒಮ್ಮೆ ಒಬ್ಬರಿಗೆ ಅಪಕಾರ ಮಾಡಿದ್ದೇನೆ. ಅದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಹೊರದೇಶದಲ್ಲಿ ರೆಸಿಡೆನ್ಸಿ ಮುಗಿಸಿ, ಇಲ್ಲಿ ಎರಡು ಕೋಣೆಯ ಕ್ಲಿನಿಕ್ ತೆರೆದಾಗ ಬಾಗಿಲಿಗೆ ಹೆಸರಿನ ಒಂದು ಸಣ್ಣ ಹಲಗೆ ಹಾಕಿದೆ, ಅಷ್ಟೆ. ಸಂಘದ ಸಮಾರಂಭಗಳಲ್ಲಿ ಯಾರಾದರೂ "ಡಾಕ್ಟ್ರೇ, ಪ್ರಾಕ್ಟೀಸು ಹೇಗಿದೆ?" ಎಂದರೆ "ಹೀಗೇ, ನಡೀತಿದೆ" ಎಂದು ಮಾತು ಹಾರಿಸುತ್ತಿದ್ದೆ. ನಾನು ವಿಶೇಷವಾಗಿ ಕಲಿತದ್ದು ಮಧುಮೇಹದ ಚಿಕಿತ್ಸೆ. ಅದನ್ನು ಬಾಯಿಬಿಟ್ಟು ಹೇಳಿದರೆ ಗಿರಾಕಿ ಹಿಡಿಯಲು ಬಂದಿದ್ದಾನೆ ಎಂದುಕೊಂಡಾರು ಎಂಬ ಅಳುಕು. ಅದರ ಕೆಳಗೆ ಇನ್ನೊಂದು ಅಳುಕೂ ಇತ್ತು: ದೊಡ್ಡ ಆಸ್ಪತ್ರೆಗಳ ತಜ್ಞರ ಮುಂದೆ ನಾನೆಷ್ಟರವನು?

ಪ್ರತಿ ಯುಗಾದಿಗೂ ನನ್ನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದ ಹಿರಿಯರೊಬ್ಬರಿದ್ದರು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಈ ರೋಗದಲ್ಲಿ ಪಾದದ ನರಗಳು ಮರಗಟ್ಟಿದರೆ ಗಾಯವಾದರೂ ನೋವು ತಿಳಿಯದು. ಆದ್ದರಿಂದಲೇ ವರ್ಷಕ್ಕೊಮ್ಮೆಯಾದರೂ ಪಾದ ಪರೀಕ್ಷೆ ಮಾಡಿಸಬೇಕು. 10 ಗ್ರಾಂ ಒತ್ತಡ ಕೊಡುವ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಮುಟ್ಟಿಸಿ, ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುತ್ತೇವೆ. ಕೆಲವೇ ನಿಮಿಷಗಳ ಕೆಲಸ. ಅವರು ನನ್ನ ಬಳಿ ಬಂದಾಗ ಬೆರಳು ಕಪ್ಪಾಗಿತ್ತು. ಅದನ್ನು ತೆಗೆಸಬೇಕಾಯಿತು. ಆಸ್ಪತ್ರೆಯ ಮಂಚದ ಮೇಲಿಂದ ಅವರು ಸಿಟ್ಟಿಲ್ಲದೆ ಹೇಳಿದ ಮಾತು ಇದು: "ನೀವು ಇದನ್ನೆಲ್ಲ ನೋಡ್ತೀರಿ ಅಂತ ಒಂದು ದಿನವಾದರೂ ಹೇಳಬಾರದಿತ್ತೆ ಡಾಕ್ಟ್ರೇ?"

ನಾನು ವಿನಯವೆಂದು ತಿಳಿದಿದ್ದಕ್ಕೆ ಅವರು ಒಂದು ಬೆರಳನ್ನು ತೆತ್ತರು.

ನಮ್ಮ ಸಂಸ್ಕಾರದಲ್ಲಿ ಈ ನಾಚಿಕೆಗೆ ಆಧಾರವಿಲ್ಲದೆ ಇಲ್ಲ. ಮಹಾಭಾರತದ ಕರ್ಣಪರ್ವ ನೆನಪಿಸಿಕೊಳ್ಳಿ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ. ಆ ಮಾತನ್ನು ಅಂದವನು ಸ್ವಂತ ಅಣ್ಣ ಧರ್ಮರಾಯ! ಹಿರಿಯರನ್ನು ಏಕವಚನದಲ್ಲಿ ಹಳಿದರೆ ಕೊಂದಂತೆಯೇ ಎಂದು ಕೃಷ್ಣ ಉಪಾಯ ಹೇಳುತ್ತಾನೆ. ಅಣ್ಣನನ್ನು ಹಳಿದ ಮೇಲೆ ಅರ್ಜುನ ಪಶ್ಚಾತ್ತಾಪದಿಂದ ತನ್ನನ್ನೇ ಕೊಂದುಕೊಳ್ಳಲು ಹೊರಡುತ್ತಾನೆ. ಅದಕ್ಕೂ ಕೃಷ್ಣನ ಬಳಿ ಮದ್ದಿದೆ: ನಿನ್ನನ್ನು ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮಾನ. ಅರ್ಜುನ ತನಗೆ ಸರಿಸಾಟಿಯಾದ ಬಿಲ್ಲುಗಾರನಿಲ್ಲ ಎಂದು ಹೊಗಳಿಕೊಳ್ಳುತ್ತಾನೆ. ಇಂಥ ಕಥೆ ಕೇಳಿ ಬೆಳೆದವರಿಗೆ ಸ್ವಂತ ಹೋಳಿಗೆ ಹೊಗಳಲು ನಾಲಿಗೆ ಹೇಗೆ ಬಂದೀತು?

ಆದರೆ ಇದೇ ಅರ್ಜುನ ವಿರಾಟಪರ್ವದಲ್ಲಿ ಏನು ಮಾಡಿದ? ಮತ್ಸ್ಯರಾಜನ ಮುಂದೆ ಬೃಹನ್ನಳೆಯಾಗಿ ನಿಂತು, ನನಗೆ ಹಾಡು, ಕುಣಿತ, ವಾದ್ಯ ಬರುತ್ತದೆ, ನಿನ್ನ ಮಗಳಿಗೆ ಕಲಿಸುತ್ತೇನೆ ಎಂದ. ಭೀಮ ಅಡುಗೆ ಬರುತ್ತದೆ ಎಂದ. ನಕುಲ ಕುದುರೆ, ಸಹದೇವ ದನಕರು ಎಂದರು. ದ್ರೌಪದಿ ರಾಣಿ ಸುದೇಷ್ಣೆಗೆ ಜಡೆ ಹೆಣೆಯುವುದು, ಗಂಧ ತೇಯುವುದು, ಹೂಮಾಲೆ ಕಟ್ಟುವುದು ಬರುತ್ತದೆ ಎಂದಳು. ಎಂಜಲು ಮುಟ್ಟುವವಳಲ್ಲ, ಕಾಲು ತೊಳೆಯುವವಳಲ್ಲ ಎಂದೂ ಸ್ಪಷ್ಟಪಡಿಸಿದಳು. ಹೆಸರು ಸುಳ್ಳಾಗಿತ್ತು, ಕಸುಬು ನಿಜವಾಗಿತ್ತು. ಇದನ್ನು ಆತ್ಮಸ್ತುತಿ ಎಂದು ಯಾರೂ ಅನ್ನಲಿಲ್ಲ. ಕರ್ಣಪರ್ವದಲ್ಲಿ ಅರ್ಜುನ ಹೇಳಿದ್ದು "ನನ್ನಂಥವನು ಇಲ್ಲ" ಎಂದು. ವಿರಾಟನ ಬಾಗಿಲಲ್ಲಿ ಹೇಳಿದ್ದು "ನನಗೆ ಇದು ಬರುತ್ತದೆ, ನಿಮಗೆ ಬೇಕೇ?" ಎಂದು. ಮೊದಲನೆಯದರಲ್ಲಿ ಮಾತಿನ ವಿಷಯ ತಾನು. ಎರಡನೆಯದರಲ್ಲಿ ಕೆಲಸ, ಮತ್ತು ಆ ಕೆಲಸ ಬೇಕಾದವರು. ನಾವು ಬಾಯಿ ಕಟ್ಟಿಕೊಳ್ಳುವುದು ಈ ಎರಡನ್ನೂ ಒಂದೇ ಎಂದು ತಿಳಿದು.

ನನ್ನ ಕ್ಲಿನಿಕ್ಕಿನ ಸ್ವಾಗತಕಾರಿಣಿ ಒಂದು ಸ್ವಾಹಿಲಿ ಗಾದೆ ಹೇಳುತ್ತಿರುತ್ತಾಳೆ: "ಕಿಝೂರಿ ಚಾಜಿಉಝಾ, ಕಿಬಾಯಾ ಚಾಜಿಟೆಂಬೇಝಾ." ಒಳ್ಳೆಯ ಮಾಲು ತಾನೇ ಮಾರಿಕೊಳ್ಳುತ್ತದೆ, ಕೆಟ್ಟದ್ದು ಬೀದಿ ಅಲೆಯುತ್ತದೆ ಎಂದರ್ಥ. ಗಾದೆ ಚೆನ್ನಾಗಿದೆ. ಆದರೆ ಲಿಮುರು ರಸ್ತೆಯ ಸಿಟಿ ಪಾರ್ಕ್ ಮಾರುಕಟ್ಟೆಗೆ ಹೋಗಿ ನೋಡಿ. ಎಷ್ಟೇ ತಾಜಾ ಸೊಪ್ಪಾದರೂ ಅದನ್ನು ಕಟ್ಟಿ, ನೀರು ಚಿಮುಕಿಸಿ, ಮುಂದಿಟ್ಟು "ಕರಿಬು" ಎಂದು ಕರೆಯುವ ಒಬ್ಬ ತಾಯಿ ಅಲ್ಲಿ ಕೂತಿರುತ್ತಾಳೆ. ಕರೆದಳೆಂದು ಸೊಪ್ಪು ಬಾಡಿದೆ ಎಂದು ಯಾರೂ ಅನುಮಾನಿಸುವುದಿಲ್ಲ. ಒಳ್ಳೆಯ ಮಾಲು ಎರಡನೆಯ ಸಲ ತಾನೇ ಮಾರಿಕೊಂಡೀತು. ಮೊದಲನೆಯ ಸಲ ಯಾರಾದರೂ ಬಾಯಿ ತೆರೆಯಲೇಬೇಕು.

ಇನ್ನು "ನಾನೆಷ್ಟರವಳು" ಎಂಬ ಒಳಗಿನ ಸಂದೇಹ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಒಂದು ಲೇಖನ ಬರೆದರು. ಓದು, ಕೆಲಸ ಎರಡರಲ್ಲೂ ಮುಂದೆ ಬಂದಿದ್ದ ಅನೇಕ ಮಹಿಳೆಯರು ತಮ್ಮ ಯೋಗ್ಯತೆಯನ್ನು ತಾವೇ ನಂಬದೆ, ಇದೆಲ್ಲ ಅದೃಷ್ಟ, ಒಂದು ದಿನ ಬಣ್ಣ ಬಯಲಾಗುತ್ತದೆ ಎಂದು ಹೆದರುತ್ತಿದ್ದುದನ್ನು ಅವರು ಕಂಡಿದ್ದರು. ಅಂದರೆ ಸಂದೇಹ ಇದೆ ಎಂದ ಮಾತ್ರಕ್ಕೆ ಯೋಗ್ಯತೆ ಇಲ್ಲ ಎಂದಾಗದು. ಇದೆ ಎಂದೂ ಆಗದು, ಅದು ಬೇರೆ ಮಾತು! ವೈದ್ಯನಿಗೆ ಸಂದೇಹ ಬೇಕು. ಸಂದೇಹವಿಲ್ಲದ ವೈದ್ಯನ ಬಳಿ ನಾನಂತೂ ಹೋಗುವುದಿಲ್ಲ. ಆದರೆ ಅದರ ಜಾಗ ರೋಗಿಯನ್ನು ಪರೀಕ್ಷಿಸುವ ಮೇಜಿನ ಬಳಿ. ಅದನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದರೆ ರೋಗಿ ಒಳಗೆ ಬರುವುದೇ ಇಲ್ಲ. ಹೋಳಿಗೆಯ ಮಾತೂ ಅಷ್ಟೆ. ಕಣಕ ಹದವಾಯಿತೇ, ಹೂರಣ ನುಣ್ಣಗಾಯಿತೇ ಎಂಬ ಸಂದೇಹ ಅಡುಗೆಮನೆಯಲ್ಲಿರಲಿ. ಅಲ್ಲಿ ಅದರಿಂದ ಉಪಯೋಗವಿದೆ.

ಹಾಗಾದರೆ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು? ನಮ್ಮ ವೃತ್ತಿಯ ಕಟ್ಟಳೆ ಇಲ್ಲಿ ದಾರಿ ತೋರಿಸುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ, ವೈದ್ಯನು ಜಾಹೀರಾತಿನಿಂದ ರೋಗಿಗಳನ್ನು ಸೆಳೆಯುವುದನ್ನು ತಪ್ಪೆಂದಿತು. ಅದೇ ನಿಯಮಾವಳಿ ವೃತ್ತಿ ಆರಂಭಿಸಿದಾಗ, ವಿಳಾಸ ಬದಲಾದಾಗ, ಕೆಲಕಾಲ ಕೆಲಸಕ್ಕೆ ಇಲ್ಲದಾಗ, ಮರಳಿ ಬಂದಾಗ, ಶುಲ್ಕವೆಷ್ಟೆಂದು ತಿಳಿಸುವಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬಹುದೆಂದೂ ಹೇಳಿತು. ತಿಳಿಸುವುದು ಬೇರೆ, ಸೆಳೆಯುವುದು ಬೇರೆ.

ಬೆಂಗಳೂರಿನ ಎಂ.ಟಿ.ಆರ್. ಇನ್ನೊಂದು ದಾರಿ ತೋರಿಸಿತು. 1924ರಲ್ಲಿ ಆರಂಭವಾದ ಆ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ, ಅಲ್ಲಿಯ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿ ಊಟಕ್ಕೆ ಕೂರುವುದು ಆ ಹೋಟೆಲಿನ ಪ್ರಸಿದ್ಧ ಪದ್ಧತಿಯಾಯಿತು. "ನಮ್ಮದು ಶುಚಿ" ಎಂದು ಸಾವಿರ ಸಲ ಬರೆಸುವುದಕ್ಕಿಂತ ಬಾಗಿಲು ತೆರೆದು ತೋರಿಸುವುದು ಮೇಲು.

ನಾವಿಬ್ಬರೂ ಕೂತು ಚೀಟಿಯನ್ನು ತಿದ್ದಿದೆವು. "ರುಚಿರುಚಿಯಾದ", "ಅಪ್ಪಟ", "ನೈರೋಬಿಯಲ್ಲೇ ಮೊದಲು" ಇವು ಯಾವುದೂ ಬೇಡವೆಂದರು. ಸಂತೋಷ ಎಂದೆ. ಉಳಿದದ್ದು ಇಷ್ಟು: "ಧಾರವಾಡದ ಪದ್ಧತಿಯ ಕಡಲೆಬೇಳೆ ಹೋಳಿಗೆ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ. ಮನೆಯಲ್ಲಿ ನಾನೇ ಮಾಡುತ್ತೇನೆ, ಬಂದು ನೋಡಬಹುದು. ಹೋಳಿಗೆಗೆ ಎರಡು ದಿನ ಮುಂಚೆ ತಿಳಿಸಬೇಕು. ವಾರಕ್ಕೆ ಅರವತ್ತಕ್ಕಿಂತ ಹೆಚ್ಚು ಮಾಡುವುದಿಲ್ಲ. ಶೇಂಗಾ ಒಗ್ಗದವರು ಮೊದಲೇ ಹೇಳಿ." ಕೆಳಗೆ ಬೆಲೆ, ಫೋನ್ ನಂಬರ್. ಓದಿ ನೋಡಿ ಅವರೆಂದರು, "ಇದರಾಗ ಜಂಬ ಏನೂ ಇಲ್ಲಲ್ರೀ. ಇದ್ದದ್ದ ಅದ."

ಎರಡನೆಯ ವಾರ ಯಾರೋ ಸಿಹಿ ಕಡಿಮೆ ಎಂದರಂತೆ. "ಬಿಟ್ಟು ಬಿಡ್ಲೇನ್ರಿ ಡಾಕ್ಟ್ರ?" ಎಂದು ಫೋನ್ ಮಾಡಿದರು. "ಅವರು ಹೇಳಿದ್ದು ಬೆಲ್ಲದ ವಿಷಯ ತಾಯಿ, ನಿಮ್ಮ ವಿಷಯ ಅಲ್ಲ" ಎಂದೆ. ಒಂದು ಹಿಡಿ ಬೆಲ್ಲ ಹೆಚ್ಚಿಸಿದ್ದಾರೆ. ಕಡಿಮೆ ಸಿಹಿ ಬೇಕೆನ್ನುವ ನನ್ನ ರೋಗಿಗಳಿಗೆ ಹಳೆಯ ಅಳತೆಯಲ್ಲೇ ಮಾಡುತ್ತಾರೆ, ಅವರೂ ತಿನ್ನದಿದ್ದರೆ ಒಳ್ಳೆಯದು!

ನಮ್ಮ ನಡುವೆ ಸಂಗೀತ ಕಲಿಸುವವರಿದ್ದಾರೆ, ರವಿಕೆ ಹೊಲಿಯುವವರಿದ್ದಾರೆ, ಲೆಕ್ಕಪತ್ರ ನೋಡುವವರಿದ್ದಾರೆ. ಆದರೂ ಕೊನೆಯ ಪುಟ ಪ್ರತಿ ಸಲ ಅರ್ಧ ಖಾಲಿ. ನಿಮಗೇನು ಬರುತ್ತದೆ, ಏನು ಬರುವುದಿಲ್ಲ, ಬೆಲೆ ಎಷ್ಟು, ಎಲ್ಲಿ ಸಿಗುತ್ತೀರಿ ಎಂದು ನಾಲ್ಕು ಸಾಲು ಬರೆದು ಸಂಪಾದಕರಿಗೆ ಕೊಡಿ. ನಾಚಿಕೆ ಹೋದ ಮೇಲೆ ಬರೆಯೋಣ ಎಂದು ಕಾಯಬೇಡಿ. ನನ್ನದು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ನನ್ನ ಬಾಗಿಲ ಹಲಗೆಯ ಮೇಲೆ ಹೆಸರಿನ ಕೆಳಗೆ ಈಗ ಇನ್ನೊಂದು ಸಾಲಿದೆ: ಮಧುಮೇಹಿಗಳ ಪಾದ ಪರೀಕ್ಷೆ.

— ನಿಮ್ಮ ಡಾಕ್ಟ್ರು, ಹೈರಿಡ್ಜ್